ಹಳೇ ಓಮ್ನಿ ಕ್ಯಾಂಪರ್‌ನ ಡೋರ್ ಹ್ಯಾಂಡಲ್ ಮುರಿದರೆ: ಅಂಟಿಸೋದಾ, ಗುಜರಿನಾ, ಹೊಸದಾ?

ಕೊಡಗಿನ ಕಕ್ಕಡ ತಿಂಗಳ ಮಳೆ. ಭಾಗಮಂಡಲದಿಂದ ನಾಪೋಕ್ಲು ಕಡೆ ಬರುತ್ತಾ, ಒಂದು ಟೀ ಕಾಯಿಸೋಣ ಅಂತ ರಸ್ತೆ ಬದಿ ವ್ಯಾನ್ ನಿಲ್ಲಿಸಿದೆವು. ನಮ್ಮ ಸ್ಟವ್ ಇರುವುದು ಎಡಗಡೆಯ ಸ್ಲೈಡಿಂಗ್ ಡೋರಿನ ಹಿಂದೆ. ಇಳಿದು ಹೋಗಿ ಹ್ಯಾಂಡಲ್ ಎಳೆದೆ. ಟಕ್ ಅಂತ ಸದ್ದಾಯಿತು. ಡೋರ್ ಇದ್ದಲ್ಲೇ ಇತ್ತು, ಹ್ಯಾಂಡಲ್ ನನ್ನ ಕೈಯಲ್ಲಿತ್ತು. ಕೊಡೆ ಹಿಡಿದು ನಿಂತಿದ್ದ ನಮ್ಮನೆಯವರು "ಜಾಸ್ತಿ ಎಳೆದೆ ನೀನು" ಅಂದರು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಕಾಲಿಗೆ ಎರಡು ಜಿಗಣೆ ಹತ್ತಿದ್ದವು.

ಜಾಸ್ತಿ ಎಳೆದದ್ದು ನಿಜ. ಆದರೆ ಅಷ್ಟು ಎಳೆಯಬೇಕಾದ ಗತಿ ಯಾಕೆ ಬಂತು? ಅದು ಗೊತ್ತಾಗದೆ ಹೊಸ ಹ್ಯಾಂಡಲ್ ತಂದು ಹಾಕಿದರೆ ಅದೂ ಮುರಿಯುತ್ತದೆ. ನನಗೆ ಹಾಗೇ ಆಗಿದೆ, ಒಂದಲ್ಲ ಎರಡು ಸಲ. ಈ ವ್ಯಾನ್ ಮನೆಗೆ ಬಂದು ಒಂಬತ್ತು ವರ್ಷ. ಅಷ್ಟರಲ್ಲಿ ಅಂಟು, ಗುಜರಿ ಮಾಲು, ಲೋಕಲ್ ಮಾಲು, ಕಂಪನಿ ಮಾಲು ಎಲ್ಲದರ ರುಚಿ ನೋಡಿ ಆಗಿದೆ. ಯಾವುದು ಯಾರಿಗೆ ಸರಿ ಅಂತ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ನಮ್ಮದು 2004ರ ಮಾರುತಿ ಓಮ್ನಿ. ಹಿಂದಿನ ಸೀಟು ತೆಗೆಸಿ ಪ್ಲೈವುಡ್ ಹಲಗೆ ಹಾಕಿಸಿದ್ದೇವೆ. ಮಡಚಿದರೆ ಬೆಂಚು, ಬಿಚ್ಚಿದರೆ ಇಬ್ಬರಿಗೆ ಹಾಸಿಗೆ. ಒಂದು ಸ್ಟವ್, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಮೂರು ಡ್ರಾಯರು. ಇದನ್ನು ಕ್ಯಾಂಪರ್ ಅಂದರೆ ನಗುವವರಿದ್ದಾರೆ, ನಗಲಿ ಬಿಡಿ. ಈ ಮಾಡೆಲ್ 1984ರಲ್ಲಿ ಮಾರುತಿ ವ್ಯಾನ್ ಅನ್ನುವ ಹೆಸರಲ್ಲಿ ಶುರುವಾಗಿ 2019ರಲ್ಲಿ ನಿಂತಿತು. ಮೂವತ್ತೈದು ವರ್ಷ ತಯಾರಾದ ಗಾಡಿ. ಹಾಗಾಗಿ ಹ್ಯಾಂಡಲ್ ಸಿಗುವುದು ದೊಡ್ಡ ತಲೆನೋವಲ್ಲ. ಸಿಕ್ಕಿದ್ದರಲ್ಲಿ ಯಾವುದನ್ನು ತರುವುದು ಅನ್ನುವುದೇ ತಲೆನೋವು.

ಮುರಿದದ್ದು ಹ್ಯಾಂಡಲ್ಲೇನಾ?

ಡೋರ್ ಒಳಗೆ ನಡೆಯುವುದು ಇಷ್ಟೇ. ಹೊರಗಿನ ಹ್ಯಾಂಡಲ್ ಎಳೆದರೆ ಅದರ ಬೆನ್ನಿಗಿರುವ ಪುಟ್ಟ ಲಿವರ್ ಒಂದು ತೆಳ್ಳನೆ ರಾಡನ್ನು ಎಳೆಯುತ್ತದೆ. ರಾಡು ಲಾಕನ್ನು ತಿರುಗಿಸುತ್ತದೆ. ಲಾಕು ಬಾಡಿ ಮೇಲಿನ ಸ್ಟ್ರೈಕರ್ ಕಂಬಿಯನ್ನು ಬಿಡುತ್ತದೆ. ಒಳಗಿನ ಹ್ಯಾಂಡಲ್‌ಗೆ ಬೇರೆ ರಾಡು. ಆದರೆ ಅದೂ ತಿರುಗಿಸುವುದು ಅದೇ ಲಾಕನ್ನು. ಇಷ್ಟು ನೆನಪಿದ್ದರೆ ಅಂಗಡಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಹೊರಗಿನ ಹ್ಯಾಂಡಲ್ ಇಡಿಯಾಗಿದೆ, ಎಳೆದರೆ ಯಾವ ಬಿಗಿಯೂ ಇಲ್ಲದೆ ಲೊಡಲೊಡ ಅಂತ ಬರುತ್ತದೆ, ಡೋರ್ ಮಾತ್ರ ತೆರೆಯುವುದಿಲ್ಲ. ಹಾಗಿದ್ದರೆ ಹ್ಯಾಂಡಲ್ ಸರಿಯಾಗೇ ಇರಬಹುದು. ರಾಡನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ ಉದುರಿರುತ್ತದೆ. ಉಗುರಿನಷ್ಟು ದೊಡ್ಡ ಕ್ಲಿಪ್ಪು, ಸ್ಪೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇದಕ್ಕೆ ಹೋಗಿ ಪೂರ್ತಿ ಹ್ಯಾಂಡಲ್ ಬದಲಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಒಳಗಿನಿಂದ ಸಲೀಸಾಗಿ ತೆರೆಯುತ್ತದೆ, ಹೊರಗಿನದು ಮುರಿದಿದೆ. ಆಗ ಹೊರಗಿನ ಹ್ಯಾಂಡಲ್ ಬದಲಿಸಿದರೆ ಸಾಕು. ಒಳಗಿನಿಂದಲೂ ಬಿಗಿ, ಹೊರಗಿನಿಂದಲೂ ಬಿಗಿ ಅಂದರೆ ಹ್ಯಾಂಡಲ್ ಬರೀ ಬಲಿಪಶು. ತಪ್ಪು ಲಾಕಿನದು.

ನಮ್ಮ ಕೊಡಗಿನಲ್ಲಿ ಈ ಕೊನೆಯದೇ ಜಾಸ್ತಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುತ್ತದೆ. ಗಾಜಿನ ಬೀಡಿಂಗ್ ಸಂದಿಯಿಂದ ನೀರು ಡೋರ್ ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲಿ ಅಂತಲೇ ಡೋರಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ತೋಟದಲ್ಲಿ ಗಾಡಿ ನಿಲ್ಲಿಸುವವರಿಗೆ ಗೊತ್ತು, ಸಿಲ್ವರ್ ಓಕಿನ ಎಲೆ ಪುಡಿ, ಕೆಂಪು ಮಣ್ಣು ಎಲ್ಲಾ ಸೇರಿ ಆ ತೂತನ್ನು ಮೆತ್ತಿಬಿಡುತ್ತವೆ. ನೀರು ಒಳಗೇ ನಿಲ್ಲುತ್ತದೆ. ಲಾಕು ತುಕ್ಕು ಹಿಡಿಯುತ್ತದೆ, ಗ್ರೀಸು ಒಣಗಿ ಮೇಣದ ಹಾಗಾಗುತ್ತದೆ. ದಿನಾ ಚೂರು ಚೂರು ಬಿಗಿಯಾಗುವುದರಿಂದ ನಮ್ಮ ಕೈಗೆ ಗೊತ್ತೇ ಆಗುವುದಿಲ್ಲ. ಎರಡು ಬೆರಳಲ್ಲಿ ತೆರೆಯುತ್ತಿದ್ದ ಡೋರನ್ನು ಒಂದು ದಿನ ಭುಜ ಹಾಕಿ ಎಳೆಯುತ್ತಿರುತ್ತೇವೆ. ಬಿಸಿಲು ತಿಂದು ಬಿರುಸಾದ ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಎಷ್ಟು ಅಂತ ತಾಳುತ್ತದೆ?

ಇಲ್ಲಿ ನಮ್ಮೂರಿನ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಲಾಕ್ ಬಿಗಿಯಾದರೆ ನಮ್ಮಲ್ಲಿ ಮೊದಲು ಬಿಡುವುದು ಕೊಬ್ಬರಿ ಎಣ್ಣೆ. ಬೇಸಿಗೆಯಲ್ಲಿ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರುಮಾಡುತ್ತದೆ. ಚಳಿಗಾಲದ ಪುತ್ತರಿ ಹಬ್ಬದ ಹೊತ್ತಿಗೆ ಬಚ್ಚಲಿನ ಬಾಟಲಿಯಲ್ಲಿ ಅದು ಬೆಣ್ಣೆ ಹಾಗೆ ನಿಂತಿರುತ್ತದೆ ಅಲ್ವಾ? ಲಾಕಿನ ಒಳಗೂ ಹಾಗೇ ನಿಂತಿರುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಬಿಗಿ, ಹನ್ನೊಂದಕ್ಕೆ ಸಲೀಸು ಅನ್ನುವ ಡೋರ್ ಇದ್ದರೆ ಮನೆಯಲ್ಲಿ ಯಾರು ಎಣ್ಣೆ ಬಿಟ್ಟರು ಅಂತ ವಿಚಾರಿಸಿ. ನಮ್ಮನೆಯಲ್ಲಿ ಅತ್ತೆ ಬಿಟ್ಟಿದ್ದರು. ಡಬ್ಲ್ಯೂಡಿ 40 ಹೊಡೆದು ಹಳೇ ಜಿಡ್ಡು ತೊಳೆದು, ಒರೆಸಿ, ಆಮೇಲೆ ಗ್ರೀಸ್ ಹಚ್ಚಬೇಕು. ಬರೀ ಸ್ಪ್ರೇ ಹೊಡೆದು ಬಿಟ್ಟರೆ ಸಾಲದು. ಅದು ಸಡಿಲ ಮಾಡುತ್ತದೆ, ಆದರೆ ಈ ಮಳೆಗೆ ನಿಲ್ಲುವುದಿಲ್ಲ. ಕೀ ತೂರಿಸುವ ತೂತಿಗೆ ಮಾತ್ರ ಗ್ರೀಸ್ ಬೇಡ, ಗ್ರ್ಯಾಫೈಟ್ ಪುಡಿ ಸಾಕು.

ಸ್ಲೈಡಿಂಗ್ ಡೋರಿಗೆ ಇನ್ನೊಂದು ರೋಗ ಇದೆ, ರೋಲರ್ ಅಂದರೆ ಡೋರು ಜಾರುವ ಪುಟ್ಟ ಗಾಲಿ ಸವೆಯುವುದು. ಡೋರನ್ನು ನಿಧಾನ ಮುಚ್ಚುತ್ತಾ ಅದರ ಹಿಂಬದಿಯ ಅಂಚನ್ನೇ ನೋಡಿ. ಲಾಕು ಸ್ಟ್ರೈಕರ್‌ಗೆ ಸೇರುವ ಹೊತ್ತಿನಲ್ಲಿ ಡೋರು ಚೂರು ಮೇಲಕ್ಕೆ ಎದ್ದು ಕೂತರೆ ರೋಲರ್ ಹೋಗಿದೆ ಅಂತ ಅರ್ಥ. ಡೋರಿನ ಭಾರವೆಲ್ಲಾ ಸ್ಟ್ರೈಕರ್ ಮೇಲೆ ಬಿದ್ದಿರುತ್ತದೆ, ಲಾಕು ಬಿಡಿಸಿಕೊಳ್ಳಲು ಒದ್ದಾಡುತ್ತದೆ. ಆಗಲೂ ಏಟು ಬೀಳುವುದು ಹ್ಯಾಂಡಲ್‌ಗೇ. ನನ್ನ ಎರಡನೇ ಹ್ಯಾಂಡಲ್ ಹೋದದ್ದು ಹೀಗೆ.

ಅಂಟು ಎಷ್ಟು ದಿನ?

ಎಲ್ಲರಿಗೂ ಮೊದಲು ಹೊಳೆಯುವುದು ಅಂಟು. ಅಂಟಿಸುವ ಮೊದಲು ಮುರಿದ ತುಂಡಿನ ಬೆನ್ನು ತಿರುಗಿಸಿ ನೋಡಿ. ಹಲವು ಪ್ಲಾಸ್ಟಿಕ್ ಭಾಗಗಳ ಮೇಲೆ ಅದು ಯಾವ ಪ್ಲಾಸ್ಟಿಕ್ ಅಂತ ಅಚ್ಚು ಹಾಕಿರುತ್ತಾರೆ. ಎಬಿಎಸ್ ಅಂತಿದ್ದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಪಿಎ ಅಂತಿದ್ದರೆ ಅದು ನೈಲಾನ್, ಉಜ್ಜಿ ಒರಟು ಮಾಡಿ ಹಚ್ಚಿದರೆ ಅಷ್ಟೋ ಇಷ್ಟೋ ನಿಲ್ಲುತ್ತದೆ. ಪಿಪಿ ಅಥವಾ ಪಿಒಎಂ ಅಂತಿದ್ದರೆ ಅರಾಲ್ಡೈಟ್ ಹಚ್ಚಿ ಟೈಮ್ ಹಾಳು ಮಾಡಬೇಡಿ, ಒಣಗಿದ ಮೇಲೆ ಸಿಪ್ಪೆ ಹಾಗೆ ಎದ್ದು ಬರುತ್ತದೆ.

ಆಮೇಲೆ ಮುರಿದದ್ದು ಎಲ್ಲಿ ಅನ್ನುವುದು ಮುಖ್ಯ. ಹಿಡಿಯುವ ಕಡೆಯ ಅಂಚು ಒಡೆದಿದ್ದರೆ ಅಂಟಿಸಬಹುದು. ಹ್ಯಾಂಡಲ್ ತಿರುಗುವ ಪಿನ್ ಕೂರುವ ಕಿವಿ ಮುರಿದಿದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ಡೋರ್ ಎಳೆಯುವ ಬಲವೆಲ್ಲಾ ಬೀಳುವುದು ಆ ಕಿವಿಯ ಮೇಲೆ. ಮುರಿಯುವುದೂ ಸಾಮಾನ್ಯವಾಗಿ ಅಲ್ಲೇ. ಫೆವಿಕ್ವಿಕ್ ಮೇಲೆ ಅಡಿಗೆ ಸೋಡಾ ಉದುರಿಸಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಅಂತ ಗ್ಯಾರೇಜಿನಲ್ಲೂ ಹೇಳುತ್ತಾರೆ. ಆಗುವುದು ನಿಜ. ಒಂದು ಏಟಿಗೆ ಒಡೆಯುವುದೂ ಕಲ್ಲಿನ ಹಾಗೇ. ಡ್ರೈವರ್ ಡೋರಿನ ಹ್ಯಾಂಡಲ್ ಅನ್ನು ಅರಾಲ್ಡೈಟ್ ಹಾಕಿ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಇಟ್ಟಿದ್ದೆ. ಸುಮಾರು ಮೂರು ವಾರ ಬಂತು. ಬದಲಿ ಮಾಲು ಬರುವ ತನಕ ತಳ್ಳಲು ಅಂಟು ಸಾಕು, ಅದಕ್ಕಿಂತ ಜಾಸ್ತಿ ಕೇಳಬಾರದು.

ದಾರಿಯಲ್ಲಿ ಮುರಿದರೆ ಅಂಟಿಗಿಂತ ಒಳ್ಳೇ ಉಪಾಯ ಹಗ್ಗ. ಡೋರಿನ ಒಳಮೈಗೆ ಹೊದಿಸಿರುವ ಪ್ಯಾಡ್ ತೆಗೆದು, ಹೊರಗಿನ ಹ್ಯಾಂಡಲ್ ಎಳೆಯುತ್ತಿದ್ದ ಆ ರಾಡಿಗೆ ಗಟ್ಟಿ ನೈಲಾನ್ ದಾರ ಕಟ್ಟಿ, ಹ್ಯಾಂಡಲ್ ಇದ್ದ ತೂತಿನಿಂದ ಹೊರಗೆ ಬಿಡಿ. ಎಳೆದರೆ ಡೋರ್ ತೆರೆಯುತ್ತದೆ. ನೋಡಲು ಕೋಳಿಗೂಡಿನ ಬಾಗಿಲು ಇದ್ದ ಹಾಗಿರುತ್ತದೆ. ನಾವು ಅವತ್ತು ನಾಪೋಕ್ಲುವಿನಿಂದ ಮನೆ ಸೇರಿದ್ದು ಹೀಗೇ.

ಆಲ್ಡ್ರಾಪ್ ಹಾಕಿಸಬೇಡಿ

ವೆಲ್ಡಿಂಗ್ ಶಾಪಿಗೆ ಹೋದರೆ "ಅಕ್ಕಾ, ಒಂದು ಆಲ್ಡ್ರಾಪ್ ಹೊಡೆದುಬಿಡ್ತೀನಿ, ಜನ್ಮಕ್ಕೆ ಮುರಿಯಲ್ಲ" ಅಂತಾರೆ. ಆಲ್ಡ್ರಾಪ್ ಅಂದರೆ ಹೊರಗಿನಿಂದ ಜಾರಿಸಿ ಹಾಕುವ ಕಬ್ಬಿಣದ ಚಿಲಕ. ಸಾಮಾನು ಸಾಗಿಸುವ ಗಾಡಿಗೆ ಸರಿ ಇರಬಹುದು. ಮಲಗುವ ಗಾಡಿಗೆ ಬೇಡವೇ ಬೇಡ. ಒಳಗೆ ಗ್ಯಾಸ್ ಸ್ಟವ್ ಇದೆ, ಹಾಸಿಗೆ ಇದೆ, ಪ್ಲೈವುಡ್ ಇದೆ. ರಾತ್ರಿ ಏನಾದರೂ ಹೊತ್ತಿಕೊಂಡರೆ ಹೊರಗಿನ ಚಿಲಕವನ್ನು ಯಾರು ಬಂದು ತೆಗೆಯುತ್ತಾರೆ? ಹಾಗಂತ ಚಿಲಕ ಹಾಕದೆ ಮಲಗಿದರೆ ಡೋರು ಮುಚ್ಚಿಯೂ ಮುಚ್ಚದ ಹಾಗೆ. ಸಿದ್ದಾಪುರದ ಕಡೆ ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದಾಗ, ಆನೆ ಬಂದಿದೆ ಬೇಗ ಮನೆಯೊಳಗೆ ಬನ್ನಿ ಅಂತ ನಡುರಾತ್ರಿ ತೋಟದವರು ಕೂಗಿದ್ದರು. ಅವತ್ತು ಕತ್ತಲಲ್ಲಿ ಒಳಗಿನ ಹ್ಯಾಂಡಲ್‌ಗೆ ಕೈ ಹಾಕಿದ ತಕ್ಷಣ ಡೋರ್ ತೆರೆದುಕೊಂಡದ್ದು ನನಗೆ ಈಗಲೂ ನೆನಪಿದೆ. ಅದಕ್ಕೇ ನನ್ನ ಲೆಕ್ಕದಲ್ಲಿ ಹೊರಗಿನ ಹ್ಯಾಂಡಲ್‌ಗಿಂತ ಒಳಗಿನದು ಮೊದಲು ಸರಿ ಇರಬೇಕು. ಚೈಲ್ಡ್ ಲಾಕ್ ಇರುವ ಗಾಡಿಯಾದರೆ ಅದು ಆಫ್ ಇದೆಯಾ ಅಂತಲೂ ನೋಡಿಕೊಳ್ಳಿ.

ಆಲ್ಡ್ರಾಪ್‌ಗೆ ಬಾಡಿಯಲ್ಲಿ ತೂತು ಕೊರೆಯಬೇಕು, ಅಲ್ಲಿಂದ ತುಕ್ಕು ಶುರುವಾಗುತ್ತದೆ. ಅಲ್ಲದೆ 15 ವರ್ಷ ದಾಟಿದ ಸ್ವಂತ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ಹೊರಗಡೆ ಚಿಲಕ ಹೊಡೆದ ಡೋರನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವ ಧೈರ್ಯ ನನಗಂತೂ ಇಲ್ಲ.

ಗುಜರಿಯ ಹ್ಯಾಂಡಲ್

ಗುಜರಿ ಅಂದರೆ ಮೂಗು ಮುರಿಯುವವರು ಇದ್ದಾರೆ. ನಾನು ಹಾಗಲ್ಲ. ಲಾಕು, ರೋಲರ್ ಬ್ರಾಕೆಟ್ಟು, ರಾಡು ಇಂಥ ಕಬ್ಬಿಣದ ಭಾಗಗಳಿಗೆ ಗುಜರಿಯೇ ನನ್ನ ಮೊದಲ ಆಯ್ಕೆ. ಅವು ಕಂಪನಿಯಿಂದ ಗಾಡಿ ಜೊತೆಗೇ ಬಂದ ಮಾಲು, ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮೈಸೂರು, ಮಂಗಳೂರು ಕಡೆಯ ಗುಜರಿಗಳಲ್ಲಿ ಓಮ್ನಿಗೆ ಬರವಿಲ್ಲ. ನಾನಾದರೆ ಮೈಸೂರು ಕಡೆಯ ಮಾಲನ್ನೇ ಕೇಳುತ್ತೇನೆ. ಕರಾವಳಿ ಗಾಡಿಯ ಲಾಕು ಉಪ್ಪು ಗಾಳಿ ತಿಂದಿರುತ್ತದೆ.

ಆದರೆ ಪ್ಲಾಸ್ಟಿಕ್ ಹ್ಯಾಂಡಲ್ ಮಾತ್ರ ಗುಜರಿಯಿಂದ ಬೇಡ. ನಿಮ್ಮದು ಇಪ್ಪತ್ತು ವರ್ಷ ಬಿಸಿಲು ತಿಂದು ಮುರಿದಿದೆ, ಅದೂ ಅಷ್ಟೇ ಬಿಸಿಲು ತಿಂದಿದೆ. ಇನ್ನೂ ಮುರಿದಿಲ್ಲ, ಅಷ್ಟೇ ವ್ಯತ್ಯಾಸ. ತರಲೇಬೇಕು ಅಂದರೆ ಉಗುರಿನಿಂದ ಗೀರಿ ನೋಡಿ. ಬಿಳಿ ಪುಡಿ ಎದ್ದರೆ ಬಿಟ್ಟುಬಿಡಿ. ಪಿನ್ ಕೂರುವ ಕಿವಿಯನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ, ಕೂದಲಿನಂಥ ಬಿರುಕು ಇದ್ದರೆ ಬೆಳಕಿಗೆ ಕಾಣುತ್ತದೆ.

ಕೌಂಟರ್ ಮೇಲೆ ಎರಡು ಹ್ಯಾಂಡಲ್

ನಿಜವಾದ ಪೈಪೋಟಿ ಲೋಕಲ್ ಹೊಸದಕ್ಕೂ ಕಂಪನಿ ಹೊಸದಕ್ಕೂ. ಒಂದು ಶುಕ್ರವಾರ ಮಡಿಕೇರಿ ಸಂತೆ ಮುಗಿಸಿ ಸ್ಪೇರ್ ಅಂಗಡಿಗೆ ಹೋದೆ. ಎರಡೂ ಇವೆ ಅಂದರು. ಎರಡನ್ನೂ ಪಕ್ಕಪಕ್ಕ ಇಡಿ ಅಂದೆ. ಅಂಗಡಿಯವರಿಗೆ ಸ್ವಲ್ಪ ಬೇಜಾರಾಯಿತು, ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಆದರೂ ಇಟ್ಟರು.

ದೂರದಿಂದ ಅಕ್ಕ ತಂಗಿ ಹಾಗೆ ಒಂದೇ ರೀತಿ ಕಂಡವು. ಕೈಗೆ ಎತ್ತಿಕೊಂಡಾಗ ಲೋಕಲ್ ಹಗುರ. ಅಚ್ಚಿನ ಎರಡು ಭಾಗ ಸೇರಿದ ಕಡೆ ಗೆರೆ ಎದ್ದು ಬೆರಳಿಗೆ ಚುಚ್ಚುತ್ತಿತ್ತು. ಕಂಪನಿಯದರಲ್ಲಿ ಆ ಗೆರೆ ಇದೆ, ಆದರೆ ಹುಡುಕಬೇಕು. ಬೆನ್ನು ತಿರುಗಿಸಿದೆ. ಕಂಪನಿಯದರ ಕಿವಿಯ ಬುಡಕ್ಕೆ ಒತ್ತಾಸೆ ಕೊಡುವ ಹಾಗೆ ಸಣ್ಣ ಏಣುಗಳು ಇದ್ದವು. ಲೋಕಲ್‌ನಲ್ಲಿ ಆ ಜಾಗ ಬೋಳು. ನಮ್ಮ ಹಳೇದು ಮುರಿದದ್ದು ಸರಿಯಾಗಿ ಅದೇ ಜಾಗದಲ್ಲಿ. ಹತ್ತು ಸಲ ಎಳೆದು ಬಿಟ್ಟೆ. ಕಂಪನಿಯದು ಪ್ರತಿ ಸಲ ಟಪ್ ಅಂತ ವಾಪಸ್ ಕೂತಿತು. ಲೋಕಲ್ ಏಳನೇ ಸಲಕ್ಕೆ ಅರ್ಧಕ್ಕೇ ನಿಂತಿತು, ಪಿನ್ ಚೂರು ಓರೆ.

ಬೆಲೆ? ಅವತ್ತು ಲೋಕಲ್‌ಗೆ 180 ರೂಪಾಯಿ ಅಂದರು, ಕಂಪನಿಯದಕ್ಕೆ ಅದರ ಎರಡೂವರೆ ಪಟ್ಟು. ಇನ್ನೂರ ಎಪ್ಪತ್ತು ರೂಪಾಯಿಯ ವ್ಯತ್ಯಾಸ. ಪ್ಯಾಡ್ ಬಿಚ್ಚಿ ಹಾಕುವ ಕೂಲಿ ಎರಡಕ್ಕೂ ಒಂದೇ ಅನ್ನುವುದನ್ನು ಮರೆಯಬೇಡಿ. ಎರಡು ವರ್ಷಕ್ಕೊಮ್ಮೆ ಲೋಕಲ್ ಹಾಕಿಸಿದರೆ ಪ್ರತಿ ಸಲ ಕೂಲಿಯೂ ಕೊಡಬೇಕು.

ಹಾಗಂತ ಲೋಕಲ್ ಎಲ್ಲಾ ಕಸ ಅನ್ನಲಾರೆ. ಹೆಸರಿರುವ ಬಿಡಿಭಾಗದ ಕಂಪನಿಗಳು ಮಾಡುವ ಒಳ್ಳೇ ಮಾಲೂ ಇದೆ. ನಮ್ಮ ಬಲಗಡೆಯ ಸ್ಲೈಡಿಂಗ್ ಡೋರಿನಲ್ಲಿ ಅಂಥದ್ದೇ ಇದೆ, ಐದು ಮಳೆಗಾಲ ಕಳೆದಿದೆ. ಕವರ್ ಮೇಲೆ ತಯಾರಕರ ವಿಳಾಸ, ಎಂಆರ್‌ಪಿ, ತಿಂಗಳು ವರ್ಷ ಅಚ್ಚಾಗಿರಬೇಕು. ಬೋಳು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಪಿನ್ ಹೊಡೆದು ಕೊಡುವುದನ್ನು ಮುಟ್ಟಬೇಡಿ. ಕಂಪನಿ ಹೆಸರಿನಲ್ಲೇ ಡೂಪ್ಲಿಕೇಟ್ ಬರುತ್ತದೆ, ಅದಕ್ಕೂ ಇದೇ ಪರೀಕ್ಷೆ: ಕಿವಿಯ ಬುಡ ನೋಡಿ, ಹತ್ತು ಸಲ ಎಳೆದು ಬಿಡಿ.

ಆನ್‌ಲೈನ್‌ನಲ್ಲಿ ಈ ಎಳೆದು ನೋಡುವ ಭಾಗ್ಯ ಇಲ್ಲ. ಅದೊಂದೇ ನನ್ನ ದೂರು. ರೈಲಿಲ್ಲದ ನಮ್ಮ ಜಿಲ್ಲೆಗೆ ಈಗ ಪಾರ್ಸೆಲ್ ಚೆನ್ನಾಗೇ ಬರುತ್ತದೆ. ಮಳೆಗಾಲದಲ್ಲಿ ರಸ್ತೆ ಕುಸಿದರೆ ಎರಡು ದಿನ ತಡ, ಅಷ್ಟೇ. ತರಿಸುವುದಾದರೆ ಎಡ ಬಲ ಸರಿಯಾಗಿ ನೋಡಿ. ಎಲ್‌ಎಚ್ ಅಂದರೆ ಡ್ರೈವರ್ ಸೀಟಿನಲ್ಲಿ ಮುಂದೆ ನೋಡುತ್ತಾ ಕೂತವರ ಎಡಗೈ ಕಡೆ. ಗಾಡಿಯ ಮುಂದೆ ನಿಂತು, ಗಾಡಿಯನ್ನು ನೋಡುತ್ತಾ ಎಡ ಅಂತ ಬರೆದರೆ, ಬೇಕಾದ ಬಲಗಡೆಯದರ ಬದಲು ಎಡಗಡೆಯದು ಬರುತ್ತದೆ. ಇದನ್ನೂ ನಾನು ಮಾಡಿದ್ದೇನೆ, ವಾಪಸ್ ಕಳಿಸುವ ಖರ್ಚು ಕೈಯಿಂದ ಹೋಯಿತು. ಅಂಗಡಿಗೆ ಹೋದರೆ ಮುರಿದ ಹ್ಯಾಂಡಲ್ ಮತ್ತು ಆರ್‌ಸಿಯ ಫೋಟೋ ಎರಡೂ ಜೊತೆಗಿರಲಿ. ಓಮ್ನಿ ಅಷ್ಟು ವರ್ಷ ಓಡಿದ ಮಾಡೆಲ್, ನಡುವೆ ಬದಲಾವಣೆಗಳಾಗಿವೆ. "ಓಮ್ನಿಯದು ಕೊಡಿ" ಅಂದರೆ ಸಾಲದು, ವರ್ಷ ಹೇಳಬೇಕು.

ಲೋಹದ ಹ್ಯಾಂಡಲ್ ಇರುವವರಿಗೆ

ನಿಮ್ಮದು ಓಮ್ನಿ ಅಲ್ಲ, ಹಳೇ ಟೆಂಪೋ ಟ್ರಾವೆಲರ್ ಅಥವಾ ಮಟಡೋರ್ ಅನ್ನಿ. ಟ್ರಾವೆಲರ್ 1987ರಿಂದ ಓಡುತ್ತಿದೆ. ಮಾಡಿದ ಬಜಾಜ್ ಟೆಂಪೋ ಕಂಪನಿಗೆ 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಹೆಸರಾಯಿತು. ಹಳೇ ಗಾಡಿಗೆ ಸ್ಪೇರ್ ಕೇಳುವಾಗ ಎರಡು ಹೆಸರನ್ನೂ ಹೇಳಿ ನೋಡಿ.

ಇಂಥ ಹಳೇ ವ್ಯಾನುಗಳಲ್ಲಿ ಕ್ರೋಮ್ ಹೊಳಪಿನ ಲೋಹದ ಹ್ಯಾಂಡಲ್ ಕಂಡರೆ ಒಂದು ಅಯಸ್ಕಾಂತ ಇಟ್ಟು ನೋಡಿ. ಫ್ರಿಜ್ ಮೇಲೆ ಅಂಟಿಸುವ ಬೊಂಬೆ ಸಾಕು. ಹಿಡಿದರೆ ಉಕ್ಕು. ಹಿಡಿಯದಿದ್ದರೆ ಬಹುಪಾಲು ಸತುವಿನ ಎರಕ. ಸತು ನೋಡಲು ಗಟ್ಟಿ, ಆದರೆ ಕ್ರೋಮ್ ಕೆಳಗೆ ನೀರು ಇಳಿದರೆ ಸಿಡುಬಿನ ಹಾಗೆ ಗುಳ್ಳೆ ಏಳುತ್ತದೆ, ಆಮೇಲೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಇದಕ್ಕೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಸತು 420 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಉಕ್ಕಿಗೆ 1400 ದಾಟಬೇಕು. ನೆರೆಮನೆಯ ಮಾವ ತಮ್ಮ ಟ್ರಾವೆಲರ್ ಹ್ಯಾಂಡಲ್ ಹಿಡಿದು ಹೋಗಿದ್ದರು. ಬರುವಾಗ ಕೈಯಲ್ಲಿ ಹನಿ ಹನಿಯಾಗಿ ಉದುರಿದ ಬೂದು ಲೋಹ, ಜೊತೆಗೆ ಸತುವಿನ ಹೊಗೆ ಕುಡಿದ ತಲೆನೋವು. ಇಲ್ಲಿ ಮಾತ್ರ ಗುಜರಿ ಹ್ಯಾಂಡಲ್ ಪರವಾಗಿಲ್ಲ. ಗುಳ್ಳೆ ಏಳದೆ ನುಣ್ಣಗಿರುವುದು ಸಿಕ್ಕರೆ ಧೈರ್ಯವಾಗಿ ತನ್ನಿ.

ಕೀ ಹಾಕುವ ಲಾಕು ಹ್ಯಾಂಡಲ್‌ನಲ್ಲೇ ಕೂತಿರುವ ಮಾಡೆಲ್ ಆದರೆ, ಹಳೇ ಬ್ಯಾರಲ್, ಅಂದರೆ ಕೀ ತಿರುಗುವ ಭಾಗ, ಬಿಚ್ಚಿ ಹೊಸದಕ್ಕೆ ಕೂರಿಸಲು ಆಗುತ್ತದಾ ಕೇಳಿ. ಇಲ್ಲದಿದ್ದರೆ ಒಂದು ಡೋರಿಗೊಂದು ಕೀ, ಜೇಬಿನಲ್ಲಿ ಗೊಂಚಲು.

ಯಾವ ಡೋರಿಗೆ ಯಾವುದು

ನಾನು ಈಗ ಪಾಲಿಸುವುದು ಇಷ್ಟು. ಮಲಗುವ, ಅಡಿಗೆ ಮಾಡುವ ಕಡೆಯ ಸ್ಲೈಡಿಂಗ್ ಡೋರಿಗೆ ಕಂಪನಿ ಮಾಲು, ಲಾಕು ರೋಲರ್ ಸಮೇತ ನೋಡಿ ಹಾಕುವುದು. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲು ಅದು. ಡ್ರೈವರ್ ಡೋರಿಗೂ ಅದೇ. ಎದುರುಗಡೆ ಮಂಚದ ಹಲಗೆ ಅಡ್ಡ ಬಂದು ವರ್ಷಕ್ಕೆ ಎರಡು ಸಲ ತೆರೆಯುವ ಡೋರಿಗೆ ಒಳ್ಳೇ ಲೋಕಲ್ ಸಾಕು. ವ್ಯಾನನ್ನು ಇನ್ನೊಂದು ವರ್ಷದಲ್ಲಿ ಮಾರುವವರಿದ್ದರೆ ಎಲ್ಲಾ ಕಡೆ ಲೋಕಲ್ ಹಾಕಿ, ಯಾರೂ ಬೈಯುವುದಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಹ್ಯಾಂಡಲ್‌ನಲ್ಲಿ ಉಳಿಸಿ, ಲಾಕಿನ ಸರ್ವಿಸ್‌ನಲ್ಲಿ ಉಳಿಸಬೇಡಿ. ಸಲೀಸಾಗಿ ಬಿಡುವ ಲಾಕಿಗೆ 180 ರೂಪಾಯಿಯ ಹ್ಯಾಂಡಲ್ ಕೂಡ ವರ್ಷಗಟ್ಟಲೆ ಬಾಳುತ್ತದೆ. ಬಿಗಿ ಲಾಕಿಗೆ ಚಿನ್ನದ ಹ್ಯಾಂಡಲ್ ಹಾಕಿದರೂ ಮುರಿಯುತ್ತದೆ.

ಹಾಕುವಾಗ

ನೀವೇ ಹಾಕಬಹುದು, ಒಂದು ಗಂಟೆಯ ಕೆಲಸ. ಒಳಗಿನ ಹ್ಯಾಂಡಲ್‌ನ ಸ್ಕ್ರೂ ತೆಗೆದು ಡೋರ್ ಪ್ಯಾಡನ್ನು ಅಂಚಿನಿಂದ ನಿಧಾನ ಎಬ್ಬಿಸಿ. ಕ್ಲಿಪ್ಪುಗಳು ಒಂದೊಂದೇ ಬಿಡುತ್ತವೆ. ಒಂದೆರಡು ಮುರಿಯುತ್ತವೆ, ಅದಕ್ಕೇ ಹ್ಯಾಂಡಲ್ ಜೊತೆ ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ. ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಶೀಟು ಅಂಟಿರುತ್ತದೆ. ಮೆಕ್ಯಾನಿಕ್ ಹುಡುಗರು ಅದನ್ನು ಕಿತ್ತು ಬಿಸಾಕುವುದು ಮಾಮೂಲು. ಬಿಡಬೇಡಿ. ಡೋರೊಳಗಿನ ನೀರು ನಿಮ್ಮ ಹಾಸಿಗೆಗೆ ಬರದಂತೆ ತಡೆಯುವುದು ಆ ಶೀಟೇ. ಹರಿದಿದ್ದರೆ ಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿ.

ಹ್ಯಾಂಡಲ್‌ನ ನಟ್ಟುಗಳಿಗೆ ಸಾಮಾನ್ಯವಾಗಿ ಹತ್ತನೇ ನಂಬರ್ ಸ್ಪ್ಯಾನರ್. ರಾಡಿನ ಕ್ಲಿಪ್ಪನ್ನು ಎಳೆಯಬೇಡಿ, ಮೊದಲು ಪಕ್ಕಕ್ಕೆ ತಿರುಗಿಸಿ, ಆಮೇಲೆ ರಾಡು ತಾನೇ ಹೊರಗೆ ಬರುತ್ತದೆ. ಹಳೇ ಹ್ಯಾಂಡಲ್ ಬಂದ ಮೇಲೆ ಬಾಡಿಯ ತೂತಿನ ಅಂಚು ನೋಡಿ. ತುಕ್ಕಿದ್ದರೆ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಲು ಬಿಡಿ. ಹ್ಯಾಂಡಲ್ ಕೆಳಗಿನ ರಬ್ಬರ್ ವಾಷರ್ ಲೋಕಲ್ ಮಾಲಿನ ಜೊತೆ ಬರುವುದೇ ಇಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ನಡೆಯುತ್ತದೆ. ಪ್ಯಾಡ್ ತೆಗೆದಿದ್ದೇ ಆಯಿತಲ್ಲ, ತಳದ ತೂತುಗಳಿಗೆ ಒಂದು ಕಡ್ಡಿ ತೂರಿಸಿ ಕಸ ತೆಗೆದುಬಿಡಿ. ನಮ್ಮ ಡೋರಿನಿಂದ ಒಂದು ಹಿಡಿ ಸಿಲ್ವರ್ ಓಕ್ ಗೊಬ್ಬರವೇ ಬಂತು.

ಎಲ್ಲಾ ಸೇರಿಸಿದ ಮೇಲೆ ಡೋರ್ ಮುಚ್ಚಬೇಡಿ. ಇದು ಮುಖ್ಯ. ಡೋರ್ ತೆರೆದೇ ಇರಲಿ. ಸ್ಕ್ರೂಡ್ರೈವರ್‌ನಿಂದ ಲಾಕಿನ ಕೊಕ್ಕೆಯನ್ನು ಒತ್ತಿ, ಮುಚ್ಚಿದಾಗ ಇರುವ ಹಾಗೆ ಕೂರಿಸಿ. ಈಗ ಹೊರಗಿನ ಹ್ಯಾಂಡಲ್ ಎಳೆಯಿರಿ, ಕೊಕ್ಕೆ ಬಿಡಬೇಕು. ಮತ್ತೆ ಒತ್ತಿ, ಒಳಗಿನದು ಎಳೆಯಿರಿ, ಬಿಡಬೇಕು. ಎರಡೂ ಐದೈದು ಸಲ ಬಿಟ್ಟ ಮೇಲೆಯೇ ಡೋರ್ ಮುಚ್ಚಿ.

ನಾನು ಮೊದಲ ಸಲ ಇದನ್ನು ಮಾಡಿರಲಿಲ್ಲ. ಹೊಸ ಹ್ಯಾಂಡಲ್ ಹಾಕಿದ ಖುಷಿಗೆ ಡೋರನ್ನು ಧಡ್ ಅಂತ ಎಳೆದುಬಿಟ್ಟೆ. ಹೊರಗಿನ ರಾಡಿನ ಕ್ಲಿಪ್ ಪೂರ್ತಿ ಕೂತಿರಲಿಲ್ಲ. ಒಳಗಿನ ರಾಡನ್ನು ಸೇರಿಸಿಯೇ ಇರಲಿಲ್ಲ. ಡ್ರೈವರ್ ಡೋರಿನಿಂದ ಹತ್ತಿ, ಸೀಟುಗಳ ನಡುವೆ ತೂರಿಕೊಂಡು ಹಿಂದೆ ಹೋಗಿ, ಪ್ಯಾಡ್ ಇಲ್ಲದ ಡೋರಿನೊಳಗೆ ಕೈ ಹಾಕಿ, ಬೆರಳಲ್ಲೇ ಲಿವರ್ ಹುಡುಕಿ ಒತ್ತಿದೆ. ಮೊಣಕೈ ತನಕ ಗ್ರೀಸು. ಹೊರಗೆ ಕೊಡೆ ಹಿಡಿದು ನಿಂತವರು ಈ ಸಲ ಏನೂ ಹೇಳಲಿಲ್ಲ.